ಗಾಜಿನ ತೊಟ್ಟಿಯ ಮೀನು, ಹಳ್ಳದ ಆರೋಗ್ಯ

ಪೇಟೆಯ ಮನೆಗಳಿಗೆ ಸೀಮಿತವಾಗಿದ್ದ ಮೀನಿನ ಗಾಜಿನ ತೊಟ್ಟಿ ಮಲೆನಾಡಿನ ಹಳ್ಳಿಮನೆಗಳ ಜಗುಲಿಗೂ ಬಂದು ಕುಳಿತಿದೆ. ಬಣ್ಣದ ಮೀನುಗಳ ನಡುವೆ, ‘ತೊಟ್ಟಿಯನ್ನು ಸ್ವಚ್ಛ ಮಾಡುತ್ತದೆ’ ಎಂಬ ಮಾತಿನ ಬಲದಿಂದ ಮಾರಾಟವಾದ ಮೀಸೆಯ ಮೀನೊಂದು, ಅಂದರೆ ಕ್ಯಾಟ್‌ಫಿಶ್, ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದು ಕಾಯಿಲೆ ಬಿದ್ದಾಗ ಮನೆಯವರು ಮಾಡುವ ಕೆಲಸ ಎರಡು. ಮೊದಲು ಅಂಗಡಿಯಿಂದ ಯಾವುದೋ ಬಣ್ಣದ ಔಷಧಿ ತಂದು ಸುರಿಯುತ್ತಾರೆ. ಗುಣವಾಗದಿದ್ದರೆ ‘ಎಲ್ಲಾದರೂ ಬದುಕಿಕೊಳ್ಳಲಿ’ ಎಂದು ಹತ್ತಿರದ ಹಳ್ಳಕ್ಕೆ ಬಿಡುತ್ತಾರೆ. ಮೊದಲನೆಯದು ಮೀನಿಗೆ ಅಪಾಯ. ಎರಡನೆಯದು ಹಳ್ಳಕ್ಕೆ ಅಪಾಯ.

ಕಾಯಿಲೆ ಯಾವುದೆಂದು ತಿಳಿಯುವ ಮುನ್ನ ಮೀನಿನ ಸ್ವಭಾವ ತಿಳಿದಿರಬೇಕು. ಕ್ಯಾಟ್‌ಫಿಶ್‌ಗಳಲ್ಲಿ ಬಹುತೇಕವು ರಾತ್ರಿ ಚಟುವಟಿಕೆಯವು. ಹಗಲಿನಲ್ಲಿ ಮೂಲೆಯಲ್ಲಿ ಸುಮ್ಮನೆ ಬಿದ್ದಿರುವುದು ರೋಗವಲ್ಲ. ಇವುಗಳಲ್ಲಿ ಹಲವು ಜಾತಿಗಳು ಗಾಳಿಯನ್ನು ನೇರವಾಗಿ ಉಸಿರಾಡಬಲ್ಲವು. ಮಲೆನಾಡಿನ ಗದ್ದೆಬಯಲುಗಳ ಮುರುಗೋಡಿಗೆ ಕಿವಿರಿನ ಮೇಲ್ಭಾಗದಲ್ಲಿ ಕವಲೊಡೆದ ವಿಶೇಷ ಅಂಗವಿದೆ; ದಕ್ಷಿಣ ಅಮೆರಿಕದ ಪುಟ್ಟ ಕೊರಿಡೋರಾಸ್ ಗಾಳಿಯನ್ನು ನುಂಗಿ ಕರುಳಿನ ಮೂಲಕ ಹೀರಿಕೊಳ್ಳುತ್ತದೆ. ಆಗೊಮ್ಮೆ ಈಗೊಮ್ಮೆ ಮೇಲೆ ಬಂದು ಬಾಯಿ ತೆರೆದರೆ ಗಾಬರಿ ಬೇಡ. ಆದರೆ ಮತ್ತೆ ಮತ್ತೆ ಮೇಲೇರುವುದು, ಕಿವಿರು ವೇಗವಾಗಿ ಬಡಿಯುವುದು, ಮೀಸೆ ಸವೆದು ಮೊಂಡಾಗುವುದು, ರೆಕ್ಕೆಯ ಅಂಚು ಹರಿಯುವುದು, ಹೊಟ್ಟೆ ಒಳಸೇರುವುದು ಇವೆಲ್ಲ ಎಚ್ಚರಿಕೆಯ ಲಕ್ಷಣಗಳು.

ಇಂಥ ಲಕ್ಷಣ ಕಂಡಾಗ ಮೊದಲು ಪರೀಕ್ಷಿಸಬೇಕಾದದ್ದು ನೀರನ್ನು. ಮೀನಿನ ವಿಸರ್ಜನೆಯಿಂದಲೂ ಕೊಳೆತ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ ಇನ್ನೊಂದು ಬಗೆ ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ತೋಟಕ್ಕೆ ಹಾಕಿದ ಸಗಣಿಗೊಬ್ಬರ ಮಣ್ಣಿನಲ್ಲಿ ಬೆಳೆಗೆ ಒದಗುವ ದಾರಿಯೂ ಇದೇ. ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಸಾಮಾನ್ಯವಾಗಿ ೪ರಿಂದ ೬ ವಾರ ಬೇಕು. ಅಷ್ಟರೊಳಗೆ ಮೀನು ತುಂಬಿದರೆ ಅಮೋನಿಯ ಕಿವಿರನ್ನು ಸುಡುತ್ತದೆ. ನೈಟ್ರೈಟ್ ರಕ್ತವನ್ನು ಕಂದಾಗಿಸಿ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಸೋಸುಕದ ಸ್ಪಂಜನ್ನು ನಲ್ಲಿಯ ನೀರಿನಲ್ಲಿ ತಿಕ್ಕಿ ತೊಳೆಯುವವರು ಈ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತಾರೆ. ಅದನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿದರೆ ಸಾಕು.

ಮಲೆನಾಡಿನ ನೀರಿಗೆ ತನ್ನದೇ ಗುಣವಿದೆ. ಧಾರಾಕಾರ ಮಳೆ ಸುಣ್ಣದ ಅಂಶವನ್ನು ತೊಳೆದೊಯ್ದ ಮಣ್ಣಿನಿಂದ ಬರುವ ಅಬ್ಬಿಯ ನೀರು ಮೃದು. ಹುಳಿಯತ್ತ ಬೇಗ ವಾಲುತ್ತದೆ. ನೀರು ಹುಳಿಯಾದಂತೆ ಮೇಲೆ ಹೇಳಿದ ಬ್ಯಾಕ್ಟೀರಿಯಾದ ಕೆಲಸ ನಿಧಾನವಾಗುತ್ತದೆ. ಆಗ ಉಳಿಯುವ ಅಮೋನಿಯ ಬಹುಪಾಲು ಅಮೋನಿಯಂ ರೂಪದಲ್ಲಿದ್ದು ಅಷ್ಟಾಗಿ ಕೇಡು ಮಾಡದು. ಇಂಥ ಹಳೆಯ ತೊಟ್ಟಿಗೆ ಒಮ್ಮೆಲೇ ಕೊಳವೆಬಾವಿಯ ಕ್ಷಾರ ನೀರು ತುಂಬಿಸಿದರೆ ಅದೇ ಅಮೋನಿಯಂ ವಿಷಕಾರಿ ಅಮೋನಿಯವಾಗಿ ತಿರುಗುತ್ತದೆ. ‘ನೀರು ಬದಲಿಸಿದ ಮರುದಿನವೇ ಮೀನು ಸತ್ತಿತು’ ಎಂಬ ದೂರಿನ ಹಿಂದೆ ಹಲವು ಬಾರಿ ಇರುವ ಕಾರಣ ಇದು. ಒಮ್ಮೆಗೆ ನಾಲ್ಕನೇ ಒಂದು ಭಾಗದಷ್ಟು, ಅದೇ ಉಷ್ಣತೆಯ ನೀರನ್ನು ಮಾತ್ರ ಬದಲಿಸುವುದು ಕ್ಷೇಮ. ಪಂಚಾಯಿತಿಯ ನಲ್ಲಿಯ ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸಿದ್ದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು.

ಅಡಿಕೆ ತೋಟಗಳಿಗೆ ಕೊಳೆರೋಗದ ವಿರುದ್ಧ ಬೋರ್ಡೋ ದ್ರಾವಣ ಸಿಂಪಡಿಸುವ ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಅದರಲ್ಲಿರುವ ತಾಮ್ರವು ಮೀನಿಗೆ ವಿಷ. ಮೃದು ನೀರಿನಲ್ಲಿ ಅದರ ವಿಷ ಇನ್ನೂ ತೀವ್ರ. ದ್ರಾವಣ ಕಲಸಿದ ಬಕೆಟನ್ನು ತೊಟ್ಟಿಗೆ ನೀರು ಹೊರಲು ಬಳಸಬಾರದು. ತೋಟದ ಬುಡದ ಬಾವಿಯ ನೀರನ್ನು ಆ ದಿನಗಳಲ್ಲಿ ತೊಟ್ಟಿಗೆ ತರದಿರುವುದು ಲೇಸು. ಸಿಂಪರಣೆಯ ಪಂಪನ್ನು ಹಳ್ಳದಲ್ಲಿ ತೊಳೆಯುವವರಿಗೂ ಇದೇ ಮಾತು ಸಲ್ಲುತ್ತದೆ. ತೊಟ್ಟಿಯ ಮೀನನ್ನು ಕೊಲ್ಲುವ ತಾಮ್ರ ಹಳ್ಳದ ಮೀನನ್ನು ಬಿಡುವುದಿಲ್ಲ.

ನೀರು ಸರಿಯಿದ್ದೂ ಮೀನು ಸೊರಗಿದರೆ ಹಸಿವೆಯನ್ನು ಶಂಕಿಸಬೇಕು. ‘ಸಕ್ಕರ್ ಫಿಶ್’ ಇತರ ಮೀನುಗಳ ಹೊಲಸನ್ನು ತಿಂದು ಬದುಕುತ್ತದೆ ಎಂಬುದು ತಪ್ಪು ಕಲ್ಪನೆ. ಪಾಚಿ ಮುಗಿದ ಮೇಲೆ ಅದಕ್ಕೆ ತಳಕ್ಕೆ ಮುಳುಗುವ ಆಹಾರ, ಸೌತೆಕಾಯಿಯ ಹೋಳು ಬೇಕು. ಅದನ್ನು ದೀಪ ಆರಿಸಿದ ಮೇಲೆ ಕೊಡಬೇಕು. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಎದ್ದಿದ್ದರೆ ಅದು ಏಕಕೋಶಜೀವಿಯೊಂದು ತರುವ ರೋಗ. ಚಳಿಗಾಲದಲ್ಲಿ ತೊಟ್ಟಿಯ ನೀರು ತಣ್ಣಗಾದಾಗ ಉಷ್ಣವಲಯದ ಮೀನುಗಳ ರೋಗನಿರೋಧಕ ಶಕ್ತಿ ಕುಂದಿ ಈ ರೋಗ ಹೆಚ್ಚು ಕಾಣಿಸುತ್ತದೆ. ಚರ್ಮದೊಳಗೆ ಹುದುಗಿರುವ ಪರೋಪಜೀವಿಗೆ ಔಷಧಿ ತಾಗುವುದಿಲ್ಲ. ಅದು ಹೊರಬಿದ್ದು ನೀರಿನಲ್ಲಿ ಈಜುವ ಹಂತದಲ್ಲಿ ಮಾತ್ರ ತಾಗುತ್ತದೆ. ಆದ್ದರಿಂದ ಚುಕ್ಕೆ ಮಾಯವಾದ ಕೂಡಲೇ ಚಿಕಿತ್ಸೆ ನಿಲ್ಲಿಸಬಾರದು. ಕ್ಯಾಟ್‌ಫಿಶ್‌ಗಳಿಗೆ ಹುರುಪೆಯಿಲ್ಲ. ಇತರ ಮೀನು ತಾಳುವ ಔಷಧಿಯನ್ನು ಇವು ತಾಳಲಾರವು. ಅರ್ಧ ಪ್ರಮಾಣದಿಂದ ಆರಂಭಿಸಿ, ಗಾಳಿಯ ಪಂಪನ್ನು ಬಿಡದೆ ನಡೆಸುತ್ತ, ಮೀನಿನ ಉಸಿರಾಟವನ್ನು ಗಮನಿಸಬೇಕು. ಕಾರಣ ತಿಳಿಯದೆ ಆಂಟಿಬಯೋಟಿಕ್ ಸುರಿಯುವುದು ಔಷಧಿಗೆ ಬಗ್ಗದ ರೋಗಾಣುಗಳನ್ನು ಬೆಳೆಸಿದಂತೆ. ತೊಟ್ಟಿಯ ಸಾದಾ ನೀರು ಹೂಗಿಡಕ್ಕೆ ಒಳ್ಳೆಯ ಗೊಬ್ಬರ. ಔಷಧಿ ಬೆರೆತ ನೀರು ತೋಟಕ್ಕೂ ಬೇಡ, ಹಳ್ಳಕ್ಕೂ ಬೇಡ, ದೂರದ ಇಂಗುಗುಂಡಿಗೆ ಹೋಗಲಿ.

ಇನ್ನು ಹಳ್ಳಕ್ಕೆ ಬಿಡುವ ‘ಪುಣ್ಯಕಾರ್ಯ’ದ ವಿಚಾರ. ಬೆರಳುದ್ದ ಇದ್ದಾಗ ಮಾರಾಟವಾಗುವ ಸಕ್ಕರ್ ಫಿಶ್ ಒಂದೂವರೆ ಅಡಿಯವರೆಗೆ ಬೆಳೆಯುತ್ತದೆ. ದಕ್ಷಿಣ ಅಮೆರಿಕದ ಈ ಮೀನು ೨೦೨೦ರಲ್ಲಿ ವಾರಾಣಸಿಯ ಬಳಿ ಗಂಗೆಯಲ್ಲಿ ಸಿಕ್ಕಿತು. ಮೆಕ್ಸಿಕೋದ ಇನ್ಫಿಯೆರ್ನಿಯೊ ಜಲಾಶಯದಲ್ಲಿ ಇದರ ಸಂಬಂಧಿಗಳು ಹಬ್ಬಿ ಬೆಸ್ತರ ಬಲೆಗಳನ್ನೇ ತುಂಬಿ ಅವರ ಜೀವನೋಪಾಯವನ್ನು ಕೆಡಿಸಿದವು. ಮೊಟ್ಟೆಯಿಡಲು ದಡದಲ್ಲಿ ಬಿಲ ಕೊರೆಯುವುದರಿಂದ ದಂಡೆಯ ಮಣ್ಣೂ ಸಡಿಲವಾಗುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಭಾರತ ಸರ್ಕಾರ ೨೦೦೦ದಲ್ಲೇ ನಿಷೇಧಿಸಿತ್ತು. ಆದರೂ ಅದು ದೇಶದ ನದಿಗಳನ್ನು ಸೇರಿದೆ. ಕೇರಳದಲ್ಲಿ ೨೦೧೮ರ ಪ್ರವಾಹ ಸಾಕಣೆಯ ಕೊಳಗಳನ್ನು ಮುಳುಗಿಸಿದಾಗ ಅಮೆಜಾನಿನ ದೈತ್ಯ ಅರಪೈಮ ಚಾಲಕ್ಕುಡಿ ನದಿಗೆ ಬಂತು.

ಕಾಯಿಲೆಯ ಮೀನಿನೊಂದಿಗೆ ಕಾಯಿಲೆಯೂ ನೀರಿಗಿಳಿಯುತ್ತದೆ. ೧೯೮೮ರಲ್ಲಿ ಈಶಾನ್ಯ ಭಾರತದಲ್ಲಿ ಕಾಣಿಸಿಕೊಂಡ ಮೀನುಗಳ ಹುಣ್ಣಿನ ರೋಗ ೧೯೯೧ರ ಹೊತ್ತಿಗೆ ಕೇರಳವನ್ನು ಮುಟ್ಟಿ, ಕುಚ್ಚು, ಮುರುಗೋಡಿನಂಥ ನಾಟಿ ಮೀನುಗಳನ್ನು ಕಾಡಿತು. ತೊಟ್ಟಿಯಲ್ಲಿರುವ ರೋಗಕ್ಕೆ ಗಾಜಿನ ಗೋಡೆಯಿದೆ. ಹಳ್ಳಕ್ಕೆ ಗೋಡೆಯಿಲ್ಲ, ಹಳ್ಳ ಹೊಳೆಯನ್ನೂ ಹೊಳೆ ನದಿಯನ್ನೂ ಸೇರುತ್ತದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮೀನುಗಳನ್ನು ದೇವರ ಮೀನೆಂದು ತಲೆಮಾರುಗಳಿಂದ ಕಾದುಕೊಂಡು ಬಂದ ಜನರು ಇರುವ ನಾಡಿದು. ಬಲೆ ಹಾಕದಿರುವ ಆ ನಿಷ್ಠೆಯೊಂದಿಗೆ ಹೊರಗಿನ ಮೀನು ಬಿಡದಿರುವ ನಿಷ್ಠೆಯೂ ಸೇರಬೇಕಾಗಿದೆ.

ಬೇಡವಾದ ಮೀನನ್ನು ಕೊಂಡ ಅಂಗಡಿಗೆ ಮರಳಿಸಬಹುದು, ದೊಡ್ಡ ತೊಟ್ಟಿಯುಳ್ಳವರಿಗೆ ಕೊಡಬಹುದು. ಗುಣವಾಗುವ ಆಸೆಯೇ ಇಲ್ಲದೆ ನರಳುವ ಮೀನಿಗೆ ಲವಂಗದ ಎಣ್ಣೆ ನೋವಿಲ್ಲದ ಅಂತ್ಯ ಕೊಡುತ್ತದೆ. ಪುಟ್ಟ ಶೀಸೆಯ ನೀರಿನಲ್ಲಿ ಎಣ್ಣೆಯನ್ನು ಚೆನ್ನಾಗಿ ಕುಲುಕಿ, ಬೇರೆ ಪಾತ್ರೆಯಲ್ಲಿರಿಸಿದ ಮೀನಿನ ನೀರಿಗೆ ನಿಧಾನವಾಗಿ ಬೆರೆಸಬೇಕು. ಕಿವಿರಿನ ಚಲನೆ ನಿಂತ ಮೇಲೂ ಅರ್ಧ ಗಂಟೆ ಅಲ್ಲೇ ಬಿಟ್ಟು, ನೀರಿನ ಮೂಲದಿಂದ ದೂರ ಹೂಳಬೇಕು.

ತೊಟ್ಟಿ ಕೊಳ್ಳುವ ದಿನವೇ ಮೀನು ಎಷ್ಟು ದೊಡ್ಡದಾಗುತ್ತದೆ, ಏನು ತಿನ್ನುತ್ತದೆ, ಎಷ್ಟು ವರ್ಷ ಬದುಕುತ್ತದೆ ಎಂದು ಕೇಳುವ ಅಭ್ಯಾಸ ವಿದ್ಯಾರ್ಥಿಗಳಲ್ಲಿ ಬೆಳೆಯಲಿ. ಮಾರುವವರಿಗೆ ಉತ್ತರ ತಿಳಿಯದಿದ್ದರೆ ಆ ಮೀನು ಅಂಗಡಿಯಲ್ಲೇ ಉಳಿಯಲಿ. ಹಳ್ಳದ ಕಾವಲು ಅಲ್ಲಿಂದಲೇ ಆರಂಭವಾಗುತ್ತದೆ.