ಕುಳಿತವರ ಕಾಫಿ, ನಡೆಯುವವರ ಕಾಫಿ

ಭಾನುವಾರದ ಕನ್ನಡ ಶಾಲೆಯಲ್ಲಿ ಮಕ್ಕಳು ಕಾಗುಣಿತ ಕಲಿಯುವ ಎರಡು ಗಂಟೆಗಳ ಕಾಲ ಪೋಷಕರಾದ ನಾವು ಪಕ್ಕದ ಸಭಾಂಗಣದಲ್ಲಿ ಕುಳಿತಿರುತ್ತೇವೆ. ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ, ಜೊತೆಗೆ ಯಾರಾದರೂ ತಂದ ಮೈಸೂರು ಪಾಕ್. ಸಕ್ಕರೆ ಕಾಯಿಲೆ ಆರಂಭವಾಗಿದೆಯೆಂದು ಕಳೆದ ವರ್ಷ ವೈದ್ಯರು ತಿಳಿಸಿದಂದಿನಿಂದ ಆ ಲೋಟವನ್ನು ಹಿಂದಿನ ನಿಶ್ಚಿಂತೆಯಿಂದ ಎತ್ತಲು ನನಗಾಗಿಲ್ಲ. ಸಕ್ಕರೆ ಬಿಟ್ಟಿದ್ದೇನೆ, ಕಾಫಿ ಬಿಡಲಾರೆ.

ಸಿಡ್ನಿಯ ಸ್ನೇಹಿತರೊಬ್ಬರು ದೂರವಾಣಿಯಲ್ಲಿ ಧೈರ್ಯ ತುಂಬಿದರು: "ಕಾಫಿ ಕುಡಿದರೆ ಸ್ನಾಯುಗಳು ಸಕ್ಕರೆಯನ್ನು ಬೇಗ ಹೀರಿಕೊಳ್ಳುತ್ತವಂತೆ, ನಿಮ್ಮ ಮೆಲ್ಬರ್ನಿನಲ್ಲೇ ಸಾಬೀತಾಗಿದೆ." ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಇಲ್ಲಿನ ಆರ್‌ಎಂಐಟಿ ವಿಶ್ವವಿದ್ಯಾಲಯದ ಜಾನ್ ಹಾಲಿ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವದು. ಪಳಗಿದ ಏಳು ಮಂದಿ ಸೈಕಲ್ ಸವಾರರು ಪೂರ್ತಿ ದಣಿಯುವವರೆಗೆ ಪೆಡಲ್ ತುಳಿದರು. ಬಳಿಕ ಒಮ್ಮೆ ಬರಿಯ ಪಿಷ್ಟಾಹಾರವನ್ನೂ ಮತ್ತೊಮ್ಮೆ ಅದರೊಡನೆ ಕೆಫೀನನ್ನೂ ಸೇವಿಸಿದರು. ಮೊದಲ ಗಂಟೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನಾಲ್ಕು ಗಂಟೆಗಳ ಒಟ್ಟು ಲೆಕ್ಕದಲ್ಲಿ ಮಾತ್ರ ಕೆಫೀನ್ ಇದ್ದಾಗ ಸ್ನಾಯುಗಳಲ್ಲಿ ಗ್ಲೈಕೊಜೆನ್ ತುಂಬಿಕೊಂಡ ವೇಗ ಶೇಕಡ 66ರಷ್ಟು ಹೆಚ್ಚಾಗಿತ್ತು. ಆದರೆ ಪ್ರಮಾಣವನ್ನು ನೋಡಿ: ದೇಹತೂಕದ ಪ್ರತಿ ಕಿಲೋಗೆ 8 ಮಿಲಿಗ್ರಾಂ. ಎಪ್ಪತ್ತು ಕಿಲೋ ತೂಕದವರಿಗೆ 560 ಮಿಲಿಗ್ರಾಂ, ಅಂದರೆ ಐದಾರು ಲೋಟ ಗಟ್ಟಿ ಕಾಫಿ. ಅದನ್ನು ಕುಡಿದು ರಾತ್ರಿ ನಿದ್ರಿಸುವುದು ಹೇಗೆ?

ಸುಮ್ಮನೆ ಕುಳಿತವರ ಕಥೆಯೇ ಬೇರೆ. 2001ರಲ್ಲಿ ಕೆನಡಾದಲ್ಲಿ ವ್ಯಾಯಾಮದ ಅಭ್ಯಾಸವಿಲ್ಲದ ಒಂಬತ್ತು ತರುಣರಿಗೆ ಕೆಫೀನ್ ಕೊಟ್ಟು ನೋಡಿದಾಗ, ಇನ್ಸುಲಿನ್ ಇದ್ದೂ ಅವರ ದೇಹ ಬಳಸಿಕೊಂಡ ಗ್ಲೂಕೋಸ್ ಶೇಕಡ 24ರಷ್ಟು ಇಳಿದಿತ್ತು. ಕೆಫೀನ್ ಅಡಿನೋಸಿನ್ ಎಂಬ ವಸ್ತುವಿನ ಕೆಲಸಕ್ಕೆ ಅಡ್ಡಬರುತ್ತದೆ, ಅಡ್ರಿನಲಿನನ್ನು ಹೆಚ್ಚಿಸುತ್ತದೆ. ಸ್ನಾಯುವಿನ ಬಾಗಿಲನ್ನು ತೆರೆಯುವ ಇನ್ಸುಲಿನ್ನಿನ ಕೈ ಆಗ ಸೋಲುತ್ತದೆ. ದುಡಿಯುವ ಸ್ನಾಯುವಾದರೋ ಆ ಕೈಗಾಗಿ ಕಾಯುವುದಿಲ್ಲ. ಸಂಕೋಚನದಿಂದಲೇ ಗ್ಲೂಕೋಸ್ ಸಾಗಿಸುವ ಗ್ಲಟ್-4 ಎಂಬ ಪ್ರೋಟೀನ್ ಕಣದ ಮೇಲ್ಮೈಗೆ ಬರುತ್ತದೆ. ಮೊದಲೇ ವ್ಯಾಯಾಮ ಮಾಡಿದ ಸ್ನಾಯುವಿನಲ್ಲಿ ಕೆಫೀನಿನ ಈ ಅಡ್ಡಿ ಕಡಿಮೆಯಾಗುತ್ತದೆಂಬುದನ್ನು 2002ರಲ್ಲಿ ಕೋಪನ್‌ಹೇಗನ್ನಿನ ಸಂಶೋಧಕರು ತೋರಿಸಿದರು.

ಹಾಗೆಂದು ಕಾಫಿಯನ್ನು ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸಲಾರೆ. ಹೆಚ್ಚು ಕಾಫಿ ಕುಡಿಯುವವರಲ್ಲಿ ಎರಡನೆಯ ವಿಧದ ಮಧುಮೇಹ ಕಡಿಮೆಯೆಂದು 2002ರಲ್ಲಿ ಸುಮಾರು 17 ಸಾವಿರ ಡಚ್ಚರ ಅಧ್ಯಯನ ಹೇಳಿತು. ಕೆಫೀನ್ ತೆಗೆದ ಕಾಫಿಗೂ ಅಂಥದೇ ಫಲ ಬೇರೆಡೆ ಕಂಡಿದೆ. ಒಂದು ಲೋಟದ ತಕ್ಷಣದ ಪರಿಣಾಮ ಒಂದು, ವರ್ಷಗಳ ಅಭ್ಯಾಸದ್ದು ಮತ್ತೊಂದು. ಆದರೆ ಊಟದ ನಂತರದ ಸಕ್ಕರೆಯ ಏರಿಳಿತವನ್ನು ದಿನವೂ ಬೆರಳು ಚುಚ್ಚಿ ಲೆಕ್ಕ ಹಾಕುವವನಿಗೆ ತಕ್ಷಣದ್ದೇ ಮುಖ್ಯ. ನಮ್ಮ ಮನೆಗಳಲ್ಲಿ ಅಂಥವರು ವಿರಳವಲ್ಲ. ಊರಿನಿಂದ ಬಂದು ದಿನವಿಡೀ ಒಳಗೇ ಕುಳಿತಿರುವ ತಂದೆತಾಯಂದಿರನ್ನೂ ನೆನೆಯಿರಿ.

ಆದ್ದರಿಂದ ಕಾರ್ಯಕಾರಿ ಸಮಿತಿಗೆ ನನ್ನ ಕೋರಿಕೆ ಇಷ್ಟೇ: ಕಾಫಿಯನ್ನು ನಿಲ್ಲಿಸಬೇಡಿ, ಜಾಗ ಬದಲಿಸಿ. ಮೊದಲು ಶಾಲೆಯ ಮೈದಾನದಲ್ಲಿ ಅರ್ಧ ಗಂಟೆ ನಡಿಗೆ, ಅನಂತರ ಲೋಟ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಕೊಳ್ಳಲಿ. ಮುಂದಿನ ಭಾನುವಾರ ಹತ್ತೂವರೆಗೆ ಫ್ಲಾಸ್ಕಿನೊಂದಿಗೆ ನಾನು ಮೈದಾನದ ಗೇಟಿನ ಬಳಿ ಇರುತ್ತೇನೆ. ಮೈಸೂರು ಪಾಕಿನ ಹೊಣೆ ನನ್ನದಲ್ಲ.