ಓಡಿಹೋದವಳಿಗೂ ತವರು ಬೇಕು



ಹರಿಹರದ ಸ್ವಸಹಾಯ ಸಂಘವೊಂದರ ಸಭೆಗೆ ಹೋಗಿದ್ದೆ. ಉಳಿತಾಯದ ಲೆಕ್ಕ ಬರೆದು ಮುಗಿಸಿ, ಹೆಂಗಸರೆಲ್ಲ ಕೂತು ಟಿವಿಯಲ್ಲಿ ಬರುತ್ತಿದ್ದ ‘ಕೆಂಡಸಂಪಿಗೆ’ ನೋಡಿದೆವು. ಸೂರಿ ನಿರ್ದೇಶಿಸಿದ, 2015ರಲ್ಲಿ ತೆರೆಕಂಡ ಚಿತ್ರ. ಸಿರಿವಂತ ತಾಯಿಯ ಮಗಳು ಗೌರಿ, ಆ ತಾಯಿಯ ಬಳಿಯೇ ಕೆಲಸಕ್ಕಿದ್ದ ಹುಡುಗ ರವಿ. ಇವರ ಪ್ರೀತಿ ಮುರಿಯಲು ತಾಯಿ ಪೊಲೀಸ್ ಅಧಿಕಾರಿಯ ಮೊರೆ ಹೋಗುತ್ತಾಳೆ. ಅಲ್ಲಿಂದ ಅಪರಾಧದ ಸುಳಿ. ಇಬ್ಬರೂ ಊರಿಂದೂರಿಗೆ ಓಡುತ್ತಾರೆ, ಪೊಲೀಸರು ಬೆನ್ನಟ್ಟುತ್ತಾರೆ.

‘ಹೆತ್ತಾಕಿ ಹೊಟ್ಟೆ ಉರಿಸಿ ಓಡಿದ್ರೆ ಹಿಂಗಾ ಆಗೋದು’ ಎಂದರು ಹಿರಿಯ ಸದಸ್ಯೆಯೊಬ್ಬರು. ಹಲವರು ತಲೆಯಾಡಿಸಿದರು. ನಾನು ಸುಮ್ಮನಿದ್ದೆ. ಆ ಮಾತನ್ನು ಬೇರೆ ಶಬ್ದಗಳಲ್ಲಿ ನಾನೂ ಒಮ್ಮೆ ಆಡಿದ್ದೆ.

ದಾವಣಗೆರೆಯಲ್ಲಿ ನಾನು ಪಾಠ ಹೇಳುತ್ತಿದ್ದಾಗ ಅಂತಿಮ ಪದವಿಯ ಹುಡುಗಿಯೊಬ್ಬಳು ಬೇರೆ ಜಾತಿಯ ಹುಡುಗನೊಡನೆ ಹೊರಟುಹೋದಳು. ಹರಿಹರದ ಬಳಿ ತುಂಗಭದ್ರೆಯ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ. ಅಲ್ಲಿ ಗುಡಿಯೊಂದರಲ್ಲಿ ತಾಳಿ ಕಟ್ಟಿಸಿಕೊಂಡಳು. ಅಪ್ಪ ಮಗಳು ಸತ್ತಳೆಂದು ತಲೆಗೆ ನೀರು ಹಾಕಿಕೊಂಡರು. ಎರಡು ವರ್ಷದ ನಂತರ ದಾವಣಗೆರೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಕಂಕುಳಲ್ಲಿ ಕೂಸು, ಮುಂಗೈಯಲ್ಲಿ ಬಾಸುಂಡೆ. ಅತ್ತೆಗೆ ಅವಳು ‘ಬರಿಗೈಲಿ ಬಂದವಳು’. ಗಂಡನಿಗೆ ಆಟೋ ಕೊಳ್ಳಲು ಹಣ ಬೇಕು. ‘ತವರಿಗೆ ಹೋಗು’ ಎಂದೆ. ‘ಓಡಿ ಬಂದಾಕಿ ನಾನು, ಯಾವ ಮುಖ ಇಟ್ಕಂಡು ಹೋಗ್ಲಿ ಮೇಡಂ?’ ಎಂದಳು. ಆಗ ನಾನು, ಎಂ.ಎ. ಓದಿದವಳು, ಹೇಳಿದ್ದೇನು ಗೊತ್ತೇ? ‘ನೀನೇ ಆರಿಸಿಕೊಂಡವನಲ್ಲವೇ, ಹೊಂದಿಕೊಂಡು ಹೋಗು.’ ಅವಳು ಇನ್ನೂ ಏಳು ವರ್ಷ ಆ ಮನೆಯಲ್ಲಿ ಹೊಡೆತ ತಿಂದಳು.

ಸಿನಿಮಾದ ಓಟ ಎರಡು ಗಂಟೆಯಲ್ಲಿ ಮುಗಿಯುತ್ತದೆ. ನಮ್ಮ ಹೆಣ್ಣುಮಕ್ಕಳ ಕಷ್ಟ ಓಟ ನಿಂತ ಮೇಲೆ ಶುರುವಾಗುತ್ತದೆ. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಹೊಡೆತ ಬಿದ್ದರೆ ಅಣ್ಣತಮ್ಮಂದಿರು ಪಂಚಾಯಿತಿಗಾದರೂ ಬರುತ್ತಾರೆ. ಓಡಿಹೋದವಳ ಹಿಂದೆ ಯಾರೂ ಇಲ್ಲವೆಂಬುದು ಗಂಡನ ಮನೆಗೆ ಚೆನ್ನಾಗಿ ಗೊತ್ತು. ತವರಿನ ಮುಚ್ಚಿದ ಬಾಗಿಲೇ ಹೊಡೆಯುವ ಕೈಗೆ ಬಲ. ಪ್ರೇಮವಿವಾಹದಲ್ಲಿ ವರದಕ್ಷಿಣೆ ಇಲ್ಲ ಎನ್ನುತ್ತೇವೆ. ಅದು ಎಷ್ಟೋ ಸಲ ತಡವಾಗಿ ಬರುತ್ತದೆ, ಅಷ್ಟೆ.

ಬಾಗಿಲು ಮುಚ್ಚುವುದಷ್ಟೇ ಅಲ್ಲ, ಕೊಲ್ಲುವವರೂ ಇದ್ದಾರೆ. ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ ಜಾತಿ ಮೀರಿ ಮದುವೆಯಾಗಿದ್ದ ದಂಪತಿ ಊರಿಗೆ ಮರಳಿದ್ದಾಗ, 2019ರ ನವೆಂಬರಿನಲ್ಲಿ, ಹುಡುಗಿಯ ಕಡೆಯವರೇ ಅವರನ್ನು ಕೊಂದರು. 2025ರ ಜನವರಿಯಲ್ಲಿ ಗದಗದ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ತವರಿನ ಹಂಬಲದಿಂದ ಬಂದವಳಿಗೆ ತವರೇ ಮಸಣವಾಯಿತು.

ಕಾನೂನು ಏನು ಹೇಳುತ್ತದೆ ಎಂಬುದು ಪ್ರತಿ ಸಂಘಕ್ಕೂ ಗೊತ್ತಿರಲಿ. 18 ತುಂಬದ ಹುಡುಗಿಯನ್ನು ಕರೆದೊಯ್ಯುವುದು ಅಪರಾಧ. ಅದರಲ್ಲಿ ರಾಜಿ ಬೇಡ. ಹುಡುಗಿಗೆ 18, ಹುಡುಗನಿಗೆ 21 ತುಂಬಿದ್ದರೆ ಮದುವೆ ಅವರ ಹಕ್ಕು. ಅಂಥವರಿಗೆ ಪೊಲೀಸರು ಕಿರುಕುಳ ಕೊಡದೆ ರಕ್ಷಣೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತು, 2018ರಲ್ಲಿ ಮತ್ತೆ ಹೇಳಿತು. 1954ರ ವಿಶೇಷ ವಿವಾಹ ಕಾಯ್ದೆಯಡಿ 30 ದಿನದ ನೋಟಿಸು ಕೊಟ್ಟು ನೋಂದಣಿ ಕಚೇರಿಯಲ್ಲೇ ಮದುವೆಯಾಗಬಹುದು. ಗುಡಿಯಲ್ಲಿ ಮದುವೆಯಾದರೂ ನೋಂದಣಿ ಮಾಡಿಸಿ, ಪತ್ರವನ್ನು ಹುಡುಗಿ ತನ್ನ ಬಳಿಯೇ ಇಟ್ಟುಕೊಳ್ಳಲಿ.

1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಮದುವೆಯಾದ ಮೇಲೆ ಕೇಳಿದ್ದೂ ವರದಕ್ಷಿಣೆಯೇ. ನಾವು 498ಎ ಎನ್ನುತ್ತಿದ್ದುದು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಗಂಡನ ಮನೆಯಲ್ಲಿ ವಾಸಿಸುವ ಹಕ್ಕು, ರಕ್ಷಣಾ ಆದೇಶ ಎರಡನ್ನೂ ಕೇಳಬಹುದು. ಮನೆಯವರು ಒಪ್ಪಿದ ಮದುವೆಯೋ ಅಲ್ಲವೋ ಎಂದು ಈ ಕಾಯ್ದೆ ಕೇಳುವುದಿಲ್ಲ. ತಾಲ್ಲೂಕಿನ ಸಿಡಿಪಿಒ ಕಚೇರಿಗೆ ಹೋಗಿ, ಇಲ್ಲವೇ 181ಕ್ಕೆ ಫೋನು ಮಾಡಿ. ತುರ್ತಿಗೆ 112 ಇದೆ.

ಆದರೆ ಕಾಯ್ದೆಗಿಂತ ಮೊದಲು ಒಂದು ಮನೆ ಬೇಕು. ನಿಮ್ಮ ಮಗಳು ಹೊರಟುಹೋದರೆ ಸಿಟ್ಟು ಬರುತ್ತದೆ, ಅಳು ಬರುತ್ತದೆ. ಬರಲಿ. ಆದರೂ ಒಂದು ಮಾತು ಕಳಿಸಿ: ‘ಹೊಡೆದರೆ ಬಾ, ಬಾಗಿಲು ತೆಗೆದಿರುತ್ತದೆ.’ ತಾಯಿಗೆ ಅದು ಆಗದಿದ್ದರೆ ಸಂಘ ಆ ಮಾತು ಹೇಳಲಿ. ಉಳಿತಾಯದ ಪುಸ್ತಕದಲ್ಲಿ ಅವಳ ಹೆಸರಿಗೊಂದು ಪುಟ ಇರಲಿ. ಅವಳು ಮರಳಿ ಬಂದು ನಿಂತಾಗ ‘ಯಾಕೆ ಓಡಿದೆ?’ ಎಂದು ಕೇಳುವುದು ಬೇಡ. ‘ಊಟ ಆಯಿತಾ?’ ಎಂದು ಕೇಳೋಣ. ಅಂದು ಬಸ್ ನಿಲ್ದಾಣದಲ್ಲಿ ನಾನು ಕೇಳಬೇಕಾಗಿದ್ದದ್ದು ಅದನ್ನೇ.