ಮೂಗಿನ ಬೇನೆ, ಮನಸ್ಸಿನ ಭಾರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದುಗಳ ನೆಲದೊಡಲಲ್ಲಿ ಇರುವುದು ಸುಣ್ಣಕಲ್ಲು. ಅದನ್ನು ಅಗೆದು, ಸೀಳಿ, ಅರೆದು ಫರಸಿಯನ್ನೂ ಸಿಮೆಂಟನ್ನೂ ನಾಡಿಗೆಲ್ಲ ಕಳುಹಿಸುತ್ತೇವೆ. ಧೂಳು ಮಾತ್ರ ಇಲ್ಲಿಯೇ ಉಳಿಯುತ್ತದೆ. ಮುಧೋಳದ ಸುತ್ತಲಿನ ಹೊಲಗಳಲ್ಲಿ ತೊಗರಿಯ ರಾಶಿ ನಡೆಯುವಾಗ ಏಳುವ ಹೊಟ್ಟೂ ಅದರೊಡನೆ ಕೂಡುತ್ತದೆ. ಚಿಂಚೋಳಿಯ ಗುಡ್ಡಗಳಿಂದ ಕೂಲಿಗೆಂದು ಕೆಳಗಿಳಿಯುವ ನಮ್ಮವರೂ ಇದೇ ಗಾಳಿಯನ್ನು ಉಸಿರಾಡುತ್ತಾರೆ. ಧೂಳಿನ ಮಾತು ಬಂದಾಗ ಬೆಳೆಯನ್ನೂ ಶ್ವಾಸಕೋಶವನ್ನೂ ನೆನೆಯುತ್ತೇವೆ. ಮೂಗನ್ನು ನೆನೆಯುವುದಿಲ್ಲ, ಮನಸ್ಸನ್ನಂತೂ ಇಲ್ಲವೇ ಇಲ್ಲ.

ಮೂಗಿನ ಸುತ್ತಲಿನ ಎಲುಬುಗಳೊಳಗೆ ಇರುವ ಗಾಳಿಗೂಡುಗಳೇ ಸೈನಸ್‌ಗಳು. ಅವುಗಳ ಉರಿಯೂತ ೧೨ ವಾರಗಳನ್ನು ಮೀರಿದರೆ ಅದು ದೀರ್ಘಕಾಲದ ಸೈನಸ್ ರೋಗ. ಅಲರ್ಜಿ, ಸೋಂಕು, ಮೂಗಿನೊಳಗೆ ಬೆಳೆಯುವ ದುರ್ಮಾಂಸ ಮೊದಲಾದವು ಅದರ ಹಿಂದಿರುತ್ತವೆ. ಧೂಳು, ಹೊಗೆಗಳು ಅದನ್ನು ಕೆರಳಿಸುತ್ತವೆ. ಮುಖ ಭಾರವಾಗುತ್ತದೆ, ನಿದ್ದೆ ಕೆಡುತ್ತದೆ. ಒಲೆಯ ಮೇಲೆ ಬೇಯುತ್ತಿರುವ ಬೇಳೆಯ ಘಮವೂ ತಿಳಿಯದಾಗುತ್ತದೆ. ತಿಂಗಳುಗಟ್ಟಲೆ ಹೀಗೆ ಬದುಕುವವರಲ್ಲಿ ಉತ್ಸಾಹ ಉಳಿಯುವುದಾದರೂ ಹೇಗೆ?

ದಕ್ಷಿಣ ಕೊರಿಯಾದ ಆರೋಗ್ಯ ವಿಮೆಯ ದಾಖಲೆಗಳನ್ನು ಆಧರಿಸಿ ೨೦೧೯ರಲ್ಲಿ ಪ್ರಕಟವಾದ ಅಧ್ಯಯನವೊಂದು ೧೬,೦೦೦ಕ್ಕೂ ಹೆಚ್ಚು ಸೈನಸ್ ರೋಗಿಗಳನ್ನು ಅವರ ಇಮ್ಮಡಿ ಸಂಖ್ಯೆಯ ಇತರರೊಡನೆ ಹೋಲಿಸಿತು. ಖಿನ್ನತೆ, ಆತಂಕಗಳ ಸಂಭವ ರೋಗಿಗಳಲ್ಲಿ ಸುಮಾರು ಒಂದೂವರೆ ಪಟ್ಟು ಇತ್ತು. ಇನ್ನೊಂದು ಸಂಗತಿಯೂ ಉಂಟು. ಮೂಗಿನ ಅಲರ್ಜಿಗೆ ಬರೆದುಕೊಡುವ ಮಾಂಟೆಲುಕಾಸ್ಟ್ ಮಾತ್ರೆಯಿಂದ ಕೆಲವರ ಮನಸ್ಸು ಕದಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೨೦ರಲ್ಲಿ ತನ್ನ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ನೀಡಿತು. ಆ ಮಾತ್ರೆ ನುಂಗುವವರು ಮನಸ್ಸಿನಲ್ಲಿ ಬದಲಾವಣೆ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಆದರೆ ನಮ್ಮಲ್ಲಿ ಇದಕ್ಕೆ 'ನೆಗಡಿ' ಎಂದೇ ಹೆಸರು. ರೋಗಿ ಸಪ್ಪಗಾದರೆ ಸೋಮಾರಿ ಎನ್ನುತ್ತೇವೆ, ಸಿಡುಕಿದರೆ ಮುಂಗೋಪಿ ಎನ್ನುತ್ತೇವೆ. ತಜ್ಞರೇ ಇಲ್ಲದ ಊರಿನಲ್ಲಿ ಮನಸ್ಸಿನ ಮಾತು ಎಲ್ಲಿಂದ ತರುವುದು ಎಂದು ಕೇಳುವವರು ಬಳ್ಳಾರಿಯನ್ನು ನೆನೆಯಬೇಕು. ೧೯೮೦ರ ದಶಕದಲ್ಲಿ ನಿಮ್ಹಾನ್ಸ್ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಆರೋಗ್ಯದ ತರಬೇತಿ ನೀಡಿತು. ೧೯೯೬ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಮೂಗಿನ ಬೇನೆಯೆಂದು ಬಂದವರನ್ನು 'ನಿದ್ದೆ ಬರುತ್ತದೆಯೇ, ಮನಸ್ಸು ಹೇಗಿದೆ' ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಲಿ. ಕಲ್ಲು ಕೊಯ್ಯುವಲ್ಲಿ ನೀರು ಹಾಯಲಿ, ಲಾರಿಗಳಿಗೆ ತಾಡಪತ್ರಿ ಬೀಳಲಿ. ಮನಸ್ಸು ಕುಸಿದವರು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ೧೪೪೧೬ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಗೆಳೆಯರೇ, ಧೂಳಿನ ಲೆಕ್ಕ ಬರೆಯುವಾಗ ಕೆಟ್ಟ ನಿದ್ದೆಯನ್ನೂ ಕುಗ್ಗಿದ ಮನಸ್ಸನ್ನೂ ಅದರಲ್ಲಿ ಸೇರಿಸೋಣ.